ಸಮಿತಿ ಬಂದ ದಿನ ಭಟ್ಟಿ ಆರಿಸಿದ ಮಾರೆಮ್ಮ

ನಮ್ಮ ದಾವಣಗೆರೆಯಲ್ಲಿ ಮಂಡಕ್ಕಿ ತಿನ್ನದವರು ಸಿಗುವುದಿಲ್ಲ. ಮಂಡಕ್ಕಿ ಭಟ್ಟಿಯ ಓಣಿಯೊಳಗೆ ಕಾಲಿಟ್ಟವರು ಮಾತ್ರ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ನಾನು ಜಯದೇವ ಸರ್ಕಲ್ ಹತ್ತಿರ ಮಿರ್ಚಿ ಮಂಡಕ್ಕಿ ಅಂಗಡಿ ಇಟ್ಟುಕೊಂಡವಳು. ಸೆರಗನ್ನು ಮೂಗಿಗೆ ಕಟ್ಟಿಕೊಂಡು ದಿನಾ ಬೆಳಿಗ್ಗೆ ಆ ಓಣಿಗೆ ಹೋಗಿ ಮಂಡಕ್ಕಿ ಚೀಲ ತರುತ್ತೇನೆ. ಹಾಗಾಗಿ ಹೊಗೆಯ ಬಗ್ಗೆ ಯಾರಾದರೂ ನನಗೆ ಪಾಠ ಹೇಳಲು ಬಂದರೆ ಮೈಯೆಲ್ಲ ಉರಿಯುತ್ತದೆ. ‘ಎಲ್ಲಿದೆ ಹೊಗೆ?’ ಎಂದು ಕೇಳಿದರೆ ಇನ್ನೂ ಜಾಸ್ತಿ ಉರಿಯುತ್ತದೆ. ದೆಹಲಿಯಿಂದ ಬಂದವರು ನಮ್ಮ ಮುಖಕ್ಕೇ ಹಾಗೆ ಕೇಳಿದರು. ಹಾಗೆ ಕೇಳುವಂತೆ ಮಾಡಿದವಳು, ಪಾಪ, ನಮ್ಮ ಮಾರೆಮ್ಮನೇ.

ಮಾರೆಮ್ಮನ ತವರು ಹರಿಹರದ ಆಚೆ ನಂದಿಗುಡಿ. ಮದುವೆಯಾಗಿ ಈ ಓಣಿಗೆ ಬಂದಾಗಿನಿಂದ ಜಮಾಲ್ ಸಾಬರ ಭಟ್ಟಿಯಲ್ಲಿ ಒಲೆಯ ಮುಂದೆ ನಿಂತಿದ್ದಾಳೆ. ಕಾದ ಮರಳಿನ ಕಡಾಯಿಗೆ ಅಕ್ಕಿ ಸುರಿದು ಕೈಯಾಡಿಸುತ್ತಾಳೆ, ಅರಳಿದ ಮಂಡಕ್ಕಿಯನ್ನು ಜರಡಿಗೆ ತೆಗೆಯುತ್ತಾಳೆ. ಕೆಳಗೆ ಭತ್ತದ ಹೊಟ್ಟು, ಚೂರು ಕಟ್ಟಿಗೆ, ಅವು ಸಿಗದ ದಿನ ಬಾಯಿ ಬಿಟ್ಟು ಹೇಳಬಾರದ ಏನೇನೋ ಉರಿಯುತ್ತಿರುತ್ತದೆ. ಗಂಡ ಮೈಲಪ್ಪ ಭಾನುವಳ್ಳಿ ಕಡೆಯಿಂದ ಭತ್ತ ತರುವ ಗೂಡ್ಸ್ ಆಟೋ ಓಡಿಸುತ್ತಾನೆ. ಒಬ್ಬಳೇ ಮಗಳು ಸುಧಾ, ಇಪ್ಪತ್ತರ ಆಚೀಚಿನ ಹುಡುಗಿ, ತಾಯಿಯ ಪಕ್ಕದಲ್ಲೇ ಜರಡಿ ಹಿಡಿಯುತ್ತಾಳೆ. ಆ ಹುಡುಗಿಗೆ ಉಸಿರಿನ ಕಾಯಿಲೆ. ಹೊಗೆಯಲ್ಲಿ ನಿಂತರೆ ಎದೆ ಇನ್ನಷ್ಟು ಕೆಡುತ್ತದೆ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ. ಹೊಗೆ ಇಲ್ಲದ ಜಾಗ ಎಲ್ಲಿದೆ ಎಂದು ಅವರು ಹೇಳಲಿಲ್ಲ. ಮನೆಯೂ ಅದೇ ಓಣಿಯಲ್ಲಿ, ಭಟ್ಟಿಯ ಬೆನ್ನಿಗೆ ಅಂಟಿಕೊಂಡೇ ಇದೆ.

ಆ ಓಣಿಯಲ್ಲೊಂದು ಪದ್ಧತಿ ಇದೆ. ಯಾರ ಮನೆಗಾದರೂ ಬೀಗರು ಬರುತ್ತಾರೆ, ಹೆಣ್ಣು ನೋಡಲು ಬರುತ್ತಾರೆ ಎಂದರೆ ಸಾಲಿನ ಅಷ್ಟೂ ಭಟ್ಟಿಗಳನ್ನು ಹಿಂದಿನ ದಿನವೇ ಆರಿಸುತ್ತಾರೆ. ಬಂದವರ ಬಿಳಿ ಬಟ್ಟೆಗೆ ಮಸಿ ಹತ್ತಬಾರದು, ಕಣ್ಣು ಉರಿಯಬಾರದು. ಮಾತು ಬಿಟ್ಟವರೂ ಆ ಒಂದು ದಿನ ಹಠ ಮಾಡುವುದಿಲ್ಲ, ಹಿಂದೂ ಮನೆ, ಮುಸ್ಲಿಂ ಮನೆ ಎಂಬ ಭೇದವೂ ಇಲ್ಲ. ಮನೆಮನೆಗೆ ಹೋಗಿ ಹೇಳಿ ಬರುವ ಕೆಲಸ ಮಾರೆಮ್ಮನದು. ಅವಳ ಗಂಟಲು ದೊಡ್ಡದು, ಮುಲಾಜು ಕಡಿಮೆ. ಹರಿಹರದಿಂದ ಸುಧಾಳನ್ನು ನೋಡಲು ಬಂದಾಗಲೂ ಓಣಿಯೆಲ್ಲ ಭಟ್ಟಿ ಆರಿಸಿತ್ತು. ಆದರೆ ಹೊಗೆ ನಿಂತರೂ ಹುಡುಗಿಯ ಕೆಮ್ಮು ನಿಲ್ಲಲಿಲ್ಲ. ಬಂದವರು ಅವಲಕ್ಕಿ ತಿಂದು, ಆಮೇಲೆ ತಿಳಿಸುತ್ತೇವೆ ಎಂದು ಹೋದವರು ಇವತ್ತಿಗೂ ತಿಳಿಸಿಲ್ಲ.

ಇಂಥ ಹೊತ್ತಿನಲ್ಲಿ ಸಂಸತ್ತಿನ ಸಮಿತಿ ಬರುವ ಸುದ್ದಿ ಬಂತು. ಹವಾಮಾನ, ಇಂಧನ, ನಗರ ಯೋಜನೆ ಅಂತ ಸರ್ಕಾರ ಏನೇನು ಮಾತು ಕೊಟ್ಟಿದೆಯೋ ಅದು ನಡೆದಿದೆಯೋ ಇಲ್ಲವೋ ಎಂದು ಕೇಳುವುದು ಇವರ ಕೆಲಸ. ನಮ್ಮ ಓಣಿಗೂ ಒಂದು ಮಾತು ಕೊಟ್ಟಿದ್ದರು. ಊರಾಚೆ ಶೆಡ್ಡು, ಹೊಗೆಯಿಲ್ಲದ ಭಟ್ಟಿ, ದಿನಪೂರ್ತಿ ಕರೆಂಟು. ಅದರಲ್ಲಿ ಬಂದದ್ದು ಒಂದು ಬೋರ್ಡು ಮಾತ್ರ. ಆ ಬೋರ್ಡಿನ ನೆರಳಲ್ಲಿ ಕತ್ತೆ ಮಲಗುತ್ತದೆ. ಸಮಿತಿಯವರು ಖುದ್ದಾಗಿ ಓಣಿಗೆ ಬಂದು ಹೊಗೆ ನೋಡುತ್ತಾರೆ, ಆಮೇಲೆ ಸಭೆಯಲ್ಲಿ ಅಧಿಕಾರಿಗಳನ್ನು ಪ್ರಶ್ನೆ ಮಾಡುತ್ತಾರೆ, ಅವರು ಬರೆದರೆ ಕೆಲಸ ಆಗೇ ಆಗುತ್ತದೆ ಎಂದು ಯಾರೋ ತಿಳಿದವರು ಹೇಳಿದರು. ಮಾರೆಮ್ಮ ನನ್ನ ಅಂಗಡಿಯವರೆಗೂ ಓಡಿ ಬಂದು, “ನನ್ ಸುಧಾ ಉಳಿತಾಳ ಬಿಡ್ರಿ ಅಕ್ಕಾ! ಹೊಸಾ ಭಟ್ಟಿ ಬಂದ್ರೆ ಇನ್ನೇನ್ ಬೇಕು?” ಎಂದಳು. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಆ ಸಂತೋಷದಲ್ಲೇ ಅವಳು ಓಣಿ ತಿರುಗಿದಳು. “ನಾಳೆ ಭಟ್ಟಿ ಹಚ್ಚಬ್ಯಾಡ್ರಪ್ಪೋ! ಬೀಗರಿಗಿಂತ ದೊಡ್ಡೋರು ಬರ್ತಾರ!” ಜಮಾಲ್ ಸಾಬರು ಮೊದಲು ತಮ್ಮ ಭಟ್ಟಿಗೆ ನೀರು ಸುರಿದರು. ಮಿಕ್ಕವರೂ ಹಾಗೇ ಮಾಡಿದರು. ಗೋಡೆಗೆ ಸುಣ್ಣ ಬಳಿದರು, ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಟ್ಟರು. ಬೂದಿಯ ಗುಡ್ಡೆಗಳನ್ನು ಮೈಲಪ್ಪನ ಆಟೋದಲ್ಲಿ ಹೇರಿ ಊರಾಚೆ ಸುರಿದು ಬಂದರು. ಇದರಲ್ಲಿ ಏನೋ ತಪ್ಪಿದೆ ಎಂದು ಒಬ್ಬರಿಗಾದರೂ ಹೊಳೆಯಬೇಡವೇ? ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಮನೆಗೆ ಯಾರಾದರೂ ಬರುತ್ತಾರೆಂದರೆ ಗುಡಿಸುವುದು ನಮ್ಮ ರಕ್ತದಲ್ಲೇ ಇದೆ.

ಸಮಿತಿ ಬಂತು. ಓಣಿಯ ಮೇಲೆ ಆಕಾಶ ತೊಳೆದಿಟ್ಟ ಹಾಗಿತ್ತು. ಅಧ್ಯಕ್ಷರು ಎಂಬ ಹಿರಿಯರು ಕಾರಿಳಿದು, ಮಾರೆಮ್ಮನ ಕೈಯಿಂದ ಹೂವು ತೆಗೆದುಕೊಂಡು, ಎದೆ ತುಂಬ ಉಸಿರೆಳೆದು ನಕ್ಕರು. ಜೊತೆಗೆ ಬಂದಿದ್ದ ನಮ್ಮ ಊರಿನ ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಅವರಿಗೂ ಅರ್ಥವಾಗಲಿಲ್ಲ. ಹೊಗೆಯೇ ಕಾಣದಿದ್ದರೆ ತಮ್ಮನ್ನು ಪ್ರಶ್ನೆ ಕೇಳುವವರೂ ಇಲ್ಲ ಎಂದು ಅರ್ಥವಾದ ಮೇಲೆ ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು.

ಸಭೆಗೆ ತಿಂಡಿ ಒಪ್ಪಿಸುವ ಕೆಲಸ ನನಗೆ ಸಿಕ್ಕಿತ್ತು. ಅದಕ್ಕೇ ಮುಂದಿನದೆಲ್ಲ ನನ್ನ ಕಣ್ಣೆದುರೇ ನಡೆಯಿತು. ಸಭಾಂಗಣದ ಹಿಂದಿನ ಸಾಲುಗಳಲ್ಲಿ ಓಣಿಯ ಜನ, ಮುಂದೆ ಮಾರೆಮ್ಮ, ಸುಧಾ. ಅಧ್ಯಕ್ಷರು ಹಿಂದಿಯಲ್ಲಿ ಮಾತಾಡಿದರು. ಕಾಲೇಜಿನಲ್ಲಿ ಹಿಂದಿ ಕಲಿಸುವ ಸುನೀತಾ ಮೇಡಂ ಅದನ್ನು ಕನ್ನಡದಲ್ಲಿ, ನಮ್ಮವರ ಮಾತನ್ನು ಹಿಂದಿಯಲ್ಲಿ ಹೇಳುತ್ತಾ ಹೋದರು.

“ಇಲ್ಲಿ ಭಯಂಕರ ಹೊಗೆ ಇದೆ ಎಂದು ನಮಗೆ ದೂರು ಬಂದಿತ್ತು. ಎಲ್ಲಿದೆ ಹೊಗೆ? ನಾವೇ ಕಣ್ಣಾರೆ ನೋಡಿದೆವು. ಇಷ್ಟು ಶುದ್ಧವಾದ ಓಣಿ ದೆಹಲಿಯಲ್ಲೂ ಇಲ್ಲ. ಹೊಸ ಭಟ್ಟಿಯ ಯೋಜನೆ ಇದಕ್ಕಿಂತ ಕಷ್ಟದಲ್ಲಿರುವ ಊರಿಗೆ ಹೋಗಲಿ ಎಂದು ನಾವು ಶಿಫಾರಸು ಮಾಡುತ್ತೇವೆ.”

ಮಾರೆಮ್ಮ ಬಾಯಿ ತೆರೆದುಕೊಂಡು ಸುನೀತಾ ಮೇಡಂ ಅವರ ಮುಖವನ್ನೇ ನೋಡುತ್ತಿದ್ದಳು. ಕೇಳಿದ್ದು ನಿಜವೋ ಸುಳ್ಳೋ ಎಂದು ಅವಳಿಗೆ ತಿಳಿಯಲಿಲ್ಲ. ತಿಳಿದ ಕೂಡಲೇ ಎದ್ದು ನಿಂತಳು.

“ಹಂಗಲ್ರೀ ಸಾಹೇಬ್ರ! ಹೊಗಿ ಐತ್ರಿ, ಕಣ್ ಬಿಡಾಕ ಆಗಲ್ಲ ಅಷ್ಟ್ ಐತೆ! ನೀವು ಬರ್ತೀರಿ ಅಂತ ನಾನೇ ಆರ್ಸಿ ಅಂತ ಹೇಳಿದ್ನಿ. ದೊಡ್ಡೋರು, ಬಿಳೀ ಬಟ್ಟೆ ಕೆಡ್ತಾವು ಅಂತ. ನಾಳೆ ಒಂದ್ಸಲ ಬಂದ್ ನೋಡ್ರಿ, ನಿಮ್ ಕಾಲಿಗ್ ಬೀಳ್ತೀನಿ. ಈಕಿ ನನ್ ಮಗಳ್ರಿ, ಈಕಿಗೆ ಉಸುರು ಹಿಡಿತೈತೆ.”

ನಾಳೆ ಎಲ್ಲಿಂದ ಬರಬೇಕು? ಅವರಿಗೆ ಮಧ್ಯಾಹ್ನ ಹರಿಹರದಲ್ಲಿ ಹೊಳೆಯ ನೀರಿನ ಯೋಜನೆ ನೋಡುವುದಿತ್ತು, ಸಂಜೆ ವಾಪಸ್. ಆದರೂ ಕನ್ನಡಕದ ಸದಸ್ಯರೊಬ್ಬರು ಅವಳ ಮಾತನ್ನು ಗಮನವಿಟ್ಟು ಕೇಳಿದರು. ಒಳ್ಳೆಯ ಮನಸ್ಸಿನವರೇ, ನಾನು ಅವರನ್ನು ಬೈಯುವುದಿಲ್ಲ. ಅವರು ಅಧಿಕಾರಿಯತ್ತ ತಿರುಗಿದರು.

“ಈ ತಾಯಿ ಹೇಳುವಷ್ಟು ಹೊಗೆ ಇದ್ದರೆ, ಹೊಸ ಭಟ್ಟಿ ತಯಾರಾಗುವ ತನಕ ಈಗಿರುವ ಭಟ್ಟಿಗಳನ್ನು ನಡೆಸಲು ಬಿಡಬಹುದೇ?”

“ನಿಯಮದ ಪ್ರಕಾರ ಇಲ್ಲ ಸರ್. ಹೊಗೆ ಇದೆ ಅಂತ ದಾಖಲಾದರೆ ನಾಳೆಯೇ ಬೀಗ ಹಾಕ್ತೀವಿ.”

“ಹೊಸದು ಯಾವಾಗ ತಯಾರಾಗುತ್ತದೆ?”

“ಪರಿಶೀಲನೆಯಲ್ಲಿದೆ ಸರ್.”

ಸುನೀತಾ ಮೇಡಂ ಇದನ್ನು ಕನ್ನಡದಲ್ಲಿ ಹೇಳುವಾಗ ಅವರ ದನಿ ತಗ್ಗಿತು. ಹೊಗೆ ಇಲ್ಲವೆಂದರೆ ಹೊಸ ಭಟ್ಟಿ ಇಲ್ಲ. ಇದೆಯೆಂದರೆ ಇರುವ ಭಟ್ಟಿಯೂ ಇಲ್ಲ. ಇಷ್ಟು ಜನ ಕಾರಿನಲ್ಲಿ ಬಂದು, ಇಷ್ಟು ಗೌರವದಿಂದ ಮಾತಾಡಿ, ಒಬ್ಬ ಹೆಂಗಸನ್ನು ಇಂಥ ಮೂಲೆಗೆ ತಂದು ನಿಲ್ಲಿಸಬಹುದೇ?

“ಹೇಳಿ ತಾಯಿ, ಹೊಗೆ ಇದೆಯೋ ಇಲ್ಲವೋ?” ಎಂದು ಅಧ್ಯಕ್ಷರು ಕೇಳಿದರು.

ಮಾರೆಮ್ಮ ಹಿಂದೆ ತಿರುಗಿದಳು. ಜಮಾಲ್ ಸಾಬರು ತಲೆ ತಗ್ಗಿಸಿ ಕುಳಿತಿದ್ದರು. ಅಷ್ಟೂ ಮನೆಗಳ ಹೆಂಗಸರು ಅವಳನ್ನೇ ನೋಡುತ್ತಿದ್ದರು. ಯಾರೂ ಬೇಡ ಎನ್ನಲಿಲ್ಲ, ಯಾರೂ ಹೇಳು ಎನ್ನಲಿಲ್ಲ. ಅವಳು ಮತ್ತೆ ಮುಂದೆ ತಿರುಗಿದಳು. ಹೇಳಿಯೇ ಹೇಳುತ್ತಾಳೆ ಎಂದು ನನಗೆ ಗೊತ್ತಾಯಿತು, ಆ ದವಡೆ ಬಿಗಿದ ರೀತಿ ನನಗೆ ಪರಿಚಯ. ಮಗಳಿಗಾಗಿ ಅವಳು ಓಣಿಯನ್ನೇ ಎದುರು ಹಾಕಿಕೊಳ್ಳುವವಳು.

ಅಷ್ಟರಲ್ಲಿ ಸುಧಾ ಎದ್ದಳು. ತಾಯಿಯ ತೋಳು ಹಿಡಿದು ಹಿಂದಕ್ಕೆ ಸರಿಸಿದಳು.

“ನಮ್ಮವ್ವ ಹೆದ್ರಿಕಿಂದ ಏನೇನೋ ಅಂತಾಳ್ರಿ. ಹೊಗಿ ಏನೂ ಇಲ್ರಿ ಅಲ್ಲಿ. ನಾ ಅಲ್ಲೇ ಹುಟ್ಟಿ ಬೆಳ್ದಾಕಿ. ನನ್ ನೋಡ್ರಿ, ಆರಾಮ ಇದೀನಿ.”

ಒಂದೇ ಉಸಿರಿನಲ್ಲಿ ಹೇಳಿದಳು. ಹೇಳಿ ಬಾಯಿ ಮುಚ್ಚಿ ನಿಂತಳು. ಕತ್ತಿನ ನರ ಉಬ್ಬಿತ್ತು, ಕಣ್ಣಲ್ಲಿ ನೀರಾಡುತ್ತಿತ್ತು, ಕೆಮ್ಮನ್ನು ಹಲ್ಲು ಕಚ್ಚಿ ಹಿಡಿದಿದ್ದಳು. ಅಷ್ಟು ಹತ್ತಿರ ಕುಳಿತವರಿಗೆ ಅದು ಕಾಣಲಿಲ್ಲವೇ? ಅಧ್ಯಕ್ಷರು ನಕ್ಕು, ಇದು ಯುವಪೀಳಿಗೆಯ ಆತ್ಮವಿಶ್ವಾಸ, ಇದನ್ನು ಹೀಗೆಯೇ ದಾಖಲಿಸಿ ಎಂದರು. ಅಧಿಕಾರಿಗಳು ಚಪ್ಪಾಳೆ ತಟ್ಟಿದರು. ಅದು ಸರಿ, ಅವರು ತಟ್ಟುವವರೇ. ಆಮೇಲೆ ಹಿಂದಿನ ಸಾಲಿನಿಂದಲೂ ಚಪ್ಪಾಳೆ ಕೇಳಿತು. ನಮ್ಮ ಓಣಿಯವರೇ ತಟ್ಟುತ್ತಿದ್ದರು. ಜಮಾಲ್ ಸಾಬರು ತಟ್ಟುತ್ತಾ ಅಳುತ್ತಿದ್ದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಸಭೆ ಮುಗಿದಾಗ ಹೊರಗೆ ನಲ್ಲಿಯ ಹತ್ತಿರ ಸುಧಾ ಗೋಡೆ ಹಿಡಿದುಕೊಂಡು ಕೆಮ್ಮುತ್ತಿದ್ದಳು. ಅಷ್ಟು ಹೊತ್ತು ತಡೆದದ್ದೆಲ್ಲ ಒಮ್ಮೆಲೇ ಬಂದಿತ್ತು. ಮಾರೆಮ್ಮ ಅವಳ ಬೆನ್ನು ನೀವುತ್ತಿದ್ದಳು. ಕಾರುಗಳು ಹರಿಹರದ ಕಡೆ ಹೊರಟವು.

“ಯಾಕ ಹಂಗಂದೆ? ನಾನು ಹೇಳ್ತಿದ್ದೆ, ನಿಂಗ್ಯಾಕ ಬೇಕಿತ್ತು?” ಎಂದು ಮಾರೆಮ್ಮ ಕೇಳಿದಳು.

ಸುಧಾ ಉಸಿರು ಸಿಕ್ಕ ಮೇಲೆ ಹೇಳಿದಳು: “ನೀ ಹೇಳಿದ್ರೆ ನಾಳೆಯಿಂದ ಅಷ್ಟೂ ಮನಿ ಒಲಿ ಆರತಿತ್ತವ್ವ. ನನ್ ಎದಿ ಸಲುವಾಗಿ ಅಂತ ದಿನಾ ನನ್ ಮುಖ ನೋಡ್ತಿದ್ರು. ನಾ ಹೆಂಗೆ ಆ ಓಣಿಯಾಗ ಇರ್ಲಿ?”

ಮಾರೆಮ್ಮ ಸೆರಗಿನಿಂದ ಮಗಳ ಬಾಯಿ ಒರೆಸಿ, ಅವಳ ಕೈ ಹಿಡಿದು ಓಣಿಯ ಕಡೆ ನಡೆದಳು.

ಮರುದಿನ ಬೆಳಿಗ್ಗೆ ಚೀಲಕ್ಕೆ ಹೋದೆ. ಓಣಿಯ ಭಟ್ಟಿಗಳೆಲ್ಲ ಹೊತ್ತಿದ್ದವು, ಬಳಿದ ಸುಣ್ಣ ಆಗಲೇ ಕಪ್ಪಾಗುತ್ತಿತ್ತು. ಮಾರೆಮ್ಮ ಒಲೆಯ ಮುಂದೆ ನಿಂತಿದ್ದಳು. ಪಕ್ಕದಲ್ಲಿ ಜರಡಿ ಹಿಡಿದ ಮಗಳನ್ನು ಅವಳು ಮೊಣಕೈಯಿಂದ ಆಚೆ ತಳ್ಳಿದಳು. “ಒಳಗ ಹೋಗು, ನಾ ಒಬ್ಬಾಕಿನೇ ಮಾಡ್ತೀನಿ.” ಸುಧಾ ಸರಿದಳು, ಮತ್ತೆ ಬಂದು ನಿಂತಳು. ಮಾರೆಮ್ಮ ಮತ್ತೆ ತಳ್ಳಿದಳು. ಅವಳು ಮತ್ತೆ ಬಂದಳು. ನಾನು ಚೀಲ ಹೊತ್ತು ಹೊರಡುವವರೆಗೂ ಆ ತಾಯಿ ತಳ್ಳುತ್ತಲೇ ಇದ್ದಳು, ಆ ಮಗಳು ಬರುತ್ತಲೇ ಇದ್ದಳು.