ಪಾಚಿಯಡಿಯ ತಣ್ಣೀರು

ಕೆಂಗೇರಿಯಾಚೆಯ ಹಳೆಯ ಕಲ್ಲುಕ್ವಾರಿಯಲ್ಲಿ ನಿಂತ ಈ ಕೆರೆಯ ನೀರು ತಳದ ಬಂಡೆ ಕಾಣುವಷ್ಟು ತಿಳಿ. ನೀರಿನ ಪರೀಕ್ಷೆಯೇ ನನ್ನ ಕೆಲಸ; ಮೈಸೂರಿನಿಂದ ಬಂದು ಎರಡು ಸಲ ಪರೀಕ್ಷಿಸಿದ್ದೆ. ಪಾಚಿಗೆ ಆಹಾರವಾಗುವಂಥದ್ದೇನೂ ಸಿಕ್ಕಿರಲಿಲ್ಲ. ಆದರೂ ಒಂದು ದಡದ ಕಲ್ಲುಗಳ ಮೇಲೆ ಪಾಚಿ ಜಡೆಜಡೆಯಾಗಿ ಬೆಳೆಯುತ್ತಲೇ ಇತ್ತು. ಇವತ್ತು ಮಧ್ಯಾಹ್ನ ದಡದ ಮೇಲಿನ ಹೊಸ ಬಡಾವಣೆಯ ಸಂಘದ ಕಾರ್ಯದರ್ಶಿ ಗೂಡ್ಸ್ ಆಟೊದಲ್ಲಿ ಪಾಚಿ ಕೊಲ್ಲುವ ಮೈಲುತುತ್ತದ ಮೂಟೆಗಳನ್ನೇ ತಂದಿದ್ದರು. ಅದನ್ನು ಸುರಿದರೆ ಪಾಚಿಯ ಜೊತೆ ಮೀನುಗಳೂ ಸಾಯುತ್ತವೆ.

ಇಲ್ಲಿ ಮೀನು ಹಿಡಿದು ಮಾರುವ ರತ್ನಮ್ಮ ನನ್ನ ಕೈ ಹಿಡಿದೆಳೆದರು. "ಮೇಡಂ, ಚಪ್ಪಲಿ ಬಿಚ್ಚಿ ಕಾಲಿಡಿ. ಪಾಚಿ ಇರೋ ಕಡೆ ಮಾತ್ರ ತಣ್ಣಗಿರುತ್ತೆ."

ಇಟ್ಟೆ. ಬಿಸಿಲಿಗೆ ಕಾದ ನೀರಿನಡಿ ಬೆರಳುಗಳಿಗೆ ತಂಪು ತಾಗಿತು. ನೆಲದೊಳಗಿನಿಂದ ನೀರು ಜಿನುಗುತ್ತಿತ್ತು! ಮೇಲಿನ ದಿಬ್ಬದಲ್ಲಿದ್ದವು ಹೊಸ ಮನೆಗಳ ಶೌಚಗುಂಡಿಗಳು. ಕೆಸರಿಗೆ ಕೊಳವೆ ಚುಚ್ಚಿ ಆ ನೀರನ್ನೇ ಶೀಶೆಗೆಳೆದು, ಶೌಚದ ನೀರಿನ ನೈಟ್ರೇಟ್ ಇದ್ದರೆ ಕೆಂಪಾಗುವ ಪರೀಕ್ಷೆಯ ಪುಡಿ ಹಾಕಿದೆ. ದಾಸವಾಳದಂತೆ ಕೆಂಪಾಯಿತು.

"ಸಿಕ್ತು ಸಾರ್! ಗುಂಡಿ ನೀರಿನ ಸಾರಾನೆಲ್ಲ ಪಾಚಿ ತಳದಲ್ಲೇ ಹೀರ್ಕೊಳ್ತಿದೆ. ಅದಕ್ಕೇ ಮೇಲಿನ ನೀರು ಇಷ್ಟು ತಿಳಿ," ಎಂದು ಕಾರ್ಯದರ್ಶಿಗೆ ಹೇಳಿದೆ.

ಕಾರ್ಯದರ್ಶಿ ಶೀಶೆಯನ್ನು ಬಿಸಿಲಿಗೆ ಹಿಡಿದು ನೋಡಿದರು. ಆಟೊದವನಿಗೆ, "ಮೂಟೆ ಇಳಿಸ್ಬೇಡಪ್ಪ, ವಾಪಸ್ ತಗೊಂಡೋಗು. ಮೊದ್ಲು ಗುಂಡಿ ಸರಿ ಮಾಡಿಸೋಣ," ಎಂದರು.

"ಆ ಶೀಶೆ ನಂಗೆ ಕೊಡಿ ಸಾರ್, ಮನೆಮನೆಗೂ ನಾನೇ ತೋರಿಸ್ತೀನಿ," ಎಂದು ರತ್ನಮ್ಮ ಶೀಶೆ ಎತ್ತಿಹಿಡಿದು ದಿಬ್ಬ ಹತ್ತತೊಡಗಿದರು.