ಹೆಸರು ಕೇಳುವ ಕಂಪ್ಯೂಟರ್

ಅವರ್ಸಾದ ಚಂಪಾ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದ್ದನ್ನು ಕೇಳಿದವರು ಊರಲ್ಲಿ ಒಬ್ಬರೂ ಇರಲಿಲ್ಲ. ಮದುವೆಯ ದಿನ, ಹೆಸರು ಹೇಳಿದರೇ ಹೊಸಿಲು ದಾಟಲು ಬಿಡುವುದು ಎಂದು ನಾದಿನಿಯರು ಅಡ್ಡ ನಿಂತಾಗ, ತಲೆ ಸುತ್ತುತ್ತದೆ ಎಂದು ನೆಪ ಹೇಳಿ ಒಳಗೆ ನುಸುಳಿದ ಗಟ್ಟಿಗಿತ್ತಿ ಅವಳು. ರೇಶನ್ ಕಚೇರಿಯಲ್ಲಿ ಕೇಳಿದರೆ ಕಾರ್ಡು ತಿರುಗಿಸಿ ಬೆರಳಿಟ್ಟು ತೋರಿಸುತ್ತಿದ್ದಳು. ಕರೆಯುವುದಿದ್ದರೆ 'ಹೋಯ್', ಇಲ್ಲವೇ 'ಕೇಳ್ತಾ?' ಇಪ್ಪತ್ತೆಂಟು ವರ್ಷದ ಸಂಸಾರ ಅಷ್ಟರಲ್ಲೇ ಸಾಂಗವಾಗಿ ನಡೆದಿತ್ತು.

ಗಂಡ ಜಟ್ಟಪ್ಪ ಫೋಟೋಗ್ರಾಫರ್. ಸುತ್ತಲಿನ ಹಳ್ಳಿಗಳ ಮದುವೆ, ನಾಮಕರಣ, ಅರ್ಜಿಗೆ ಅಂಟಿಸುವ ಗಂಟುಮುಖ, ಎಲ್ಲವೂ ಅವನ ಒಳಕೋಣೆಯ ಕಂಪ್ಯೂಟರಿನಲ್ಲಿ. ಪ್ರಿಂಟ್ ತೆಗೆಯುವ ಕೆಲಸ ಚಂಪಾಳದು. ಅವಳ ಕಂಪ್ಯೂಟರ್ ಜಗಲಿಯಲ್ಲಿ. ಎರಡರ ನಡುವೆ ಒಂದು ವೈರು. ಜಗಲಿಯಿಂದ ಒಳಗಿನ ಫೋಟೋ ತೆರೆಯಹೋದರೆ ಸಾಕು, ತೆರೆಯ ಮೇಲೆ ಒಂದು ಚೌಕ ಎದ್ದುಬಂದು ಹೆಸರು, ಪಾಸ್‌ವರ್ಡ್ ಕೇಳುತ್ತಿತ್ತು. ಒಳಗಿನ ಯಂತ್ರ ಒಪ್ಪುತ್ತಿದ್ದ ಹೆಸರು ಜಟ್ಟಪ್ಪನದೊಂದೇ.

"ಹೋಯ್, ಚೌಕ ಬಂತು" ಎಂದು ಅವಳು ಕೂಗುವಳು. ಒಳಗೆ ಕುರ್ಚಿ ಕಿರ್ರೆನ್ನುವುದು.

"ಬಾಯಲ್ಲಿ ಬ್ಯಾಡ, ಬೆರಳಲ್ಲಾದ್ರೂ ಒಂದ್ಸಲ ನನ್ನ ಹೆಸ್ರು ಹೇಳೇ."

"ನಿಮ್ಮ ಹೆಸ್ರು ನೀವೇ ಹಾಕ್ಕಳಿ."

ಅವನು ನಗುತ್ತ ಅವಳ ಭುಜದ ಮೇಲಿಂದ ಬಾಗಿ ತಾನೇ ಒತ್ತುತ್ತಿದ್ದ. ದಿನಕ್ಕೆ ಐದಾರು ಸಲ.

ಕಳೆದ ಶ್ರಾವಣದಲ್ಲಿ ಎದೆನೋವೆಂದು ಮಲಗಿದ ಜಟ್ಟಪ್ಪ ಮತ್ತೆ ಏಳಲಿಲ್ಲ. ಚೌಕ ಮಾತ್ರ ಬರುವುದನ್ನು ಬಿಡಲಿಲ್ಲ. ವರ್ಷಗಟ್ಟಲೆ ಅವನ ಬೆರಳು ನೋಡಿದವಳಿಗೆ ಪಾಸ್‌ವರ್ಡ್ ಗೊತ್ತಿತ್ತು. ಹೆಸರು ಬರೆಯುವಲ್ಲಿ ಮಾತ್ರ ಮೊದಲ ಅಕ್ಷರ ಒತ್ತಿ ಅಳಿಸಿಬಿಡುತ್ತಿದ್ದಳು. ಅದಕ್ಕಿಂತ ಹೆಚ್ಚಿನದು, ಚೌಕ ಬಂದ ಕೂಡಲೇ ಒಳಗೆ ಕುರ್ಚಿ ಕಿರ್ರೆನ್ನುತ್ತಿತ್ತು. ಅದೂ ನಡುಮಧ್ಯಾಹ್ನ, ಹೆದ್ದಾರಿಯಲ್ಲಿ ಬಸ್ಸು ಓಡುತ್ತಿರುವಾಗ. ಮೊದಮೊದಲು ಹೆದರಿ ಬೆವರಿದಳು. ಆಮೇಲೆ ಕುತ್ತಿಗೆಯನ್ನು ಕೊಂಚ ಓರೆ ಮಾಡಿ, ಭುಜದ ಹತ್ತಿರ ಜಾಗ ಬಿಟ್ಟು ಕೂರತೊಡಗಿದಳು. ತಿರುಗಿ ಮಾತ್ರ ನೋಡುತ್ತಿರಲಿಲ್ಲ. ನೋಡಿದರೆ ಅವನಿಲ್ಲದಿರುವುದು ಕಂಡುಬಿಡುತ್ತದಲ್ಲ.

ಆದರೆ ಹೊಟ್ಟೆಪಾಡು ಕೇಳಬೇಕೇ? ನೆರೆಮನೆಯ ಕಾಮಿ, ತೀರಿಕೊಂಡ ತಾಯಿಯ ಫೋಟೋಕ್ಕಾಗಿ ಮೂರು ಸಲ ಬಂದು ಬರಿಗೈಲಿ ಹೋದಳು. ಒಳಗೆ ಹೋಗಿ ಆ ಕುರ್ಚಿಯಲ್ಲೇ ಕೂತು ತೆಗೆಯಬಹುದಿತ್ತು. ಚಂಪಾಳಿಗೆ ಅಷ್ಟು ಧೈರ್ಯವಿರಲಿಲ್ಲ. ಜನ ಅಂಕೋಲೆಯ ಸ್ಟುಡಿಯೋಗಳಿಗೆ ಹೋಗತೊಡಗಿದರು. ಕೊನೆಗೆ, ಕಾರವಾರದ ಕಂಪ್ಯೂಟರ್ ಅಂಗಡಿಯಲ್ಲಿ ದುಡಿಯುವ ಅಕ್ಕನ ಮಗಳು ನಿಶಾಳನ್ನು ಕರೆಸಿದಳು.

"ದೊಡ್ಡ ಆಫೀಸಾದ್ರೆ ಎಲ್ರ ಹೆಸ್ರು ಇಟ್ಕೊಳ್ಳೂಕೆ ಒಂದು ಯಜಮಾನ ಕಂಪ್ಯೂಟರ್ ಇರ್ತದೆ ಚಿಕ್ಕಿ, ಮನೇಲಿ ಎಲ್ಲಿಂದ?" ಎಂದಳು ನಿಶಾ. "ಜಗಲೀದ್ರಲ್ಲಿ ನಿಂದು ಯಾವ ಹೆಸ್ರು, ಯಾವ ಪಾಸ್‌ವರ್ಡ್ ಅದ್ಯೋ, ಅದ್ನೇ ಒಳಗಿಂದ್ರಲ್ಲೂ ಮಾಡಿಟ್ರೆ ಮತ್ತೆ ಕೇಳೂದಿಲ್ಲ. ಐದು ನಿಮಿಷದ ಕೆಲ್ಸ."

ಒಳಗೆ ಹೋದ ನಿಶಾ ಸ್ವಲ್ಪ ಹೊತ್ತಿಗೇ ಕೂಗಿದಳು. "ಚಿಕ್ಕಿ, ನಿನ್ನ ಹೆಸ್ರು ಇಲ್ಲಿ ಮೊದ್ಲೇ ಅದೆ!"

"ನಾ ಮಾಡ್ಲಿಲ್ಲ ಮಾರಾಯ್ತಿ."

"ಚಿಕ್ಕಪ್ಪ ಮಾಡದ್ದು. ಮಾಡಿ, ಆಮೇಲೆ ಬೇಕಂತಲೇ ಬಂದ್ ಮಾಡಿಟ್ಟಿದ್ರು. ಊರಿನವ್ರ ಕಂಪ್ಯೂಟರಿಗೆಲ್ಲ ಇದ್ನ ಮಾಡ್ಕೊಟ್ಟವ್ರು ಅವ್ರೇ ಅಲ್ವ? ಸ್ವಂತ ಮನೇಲಿ ಯಾಕೆ ಬಂದ್ ಮಾಡಿದ್ರು?"

ಯಾಕೆಂದು ಚಂಪಾಳಿಗೆ ತಿಳಿಯಿತು. ದಿನಕ್ಕೆ ಐದಾರು ಸಲ ಎದ್ದು ಬಂದು ಹೆಂಡತಿಯ ಬೆನ್ನ ಹಿಂದೆ ನಿಲ್ಲಲು ಆ ಮನುಷ್ಯನಿಗೊಂದು ನೆಪ ಬೇಕಿತ್ತು. ತಾನೋ, ಇಷ್ಟು ವರ್ಷ ಹಾಳು ಯಂತ್ರವೆಂದು ಬೈದಿದ್ದೇ ಬಂತು. ಸಂಕಟವೂ ನಾಚಿಕೆಯೂ ಒಟ್ಟಿಗೇ ಬಂದವು.

"ಚಾಲೂ ಮಾಡ್ಲ ಚಿಕ್ಕಿ?"

"ಮಾಡಿದ್ರೆ ಚೌಕ ಮತ್ತೆ ಬರೂದೇ ಇಲ್ವ?"

"ಇಲ್ಲ."

ಜಗಲಿಯ ಮೆಟ್ಟಿಲ ಮೇಲೆ ಕಾಮಿ ನಾಲ್ಕನೆಯ ಸಲ ಬಂದು ಕೂತಿದ್ದಳು, ತಾಯಿಯ ಮುಖಕ್ಕಾಗಿ. ಚಂಪಾ ಅವಳನ್ನೇ ನೋಡುತ್ತ, "ಮಾಡು" ಎಂದಳು.

ಫೋಟೋಗಳು ಒಂದೇ ಒತ್ತಿಗೆ ತೆರೆದುಕೊಂಡವು. ಕಾಮಿ ಪ್ರಿಂಟನ್ನು ಕಣ್ಣಿಗೊತ್ತಿಕೊಂಡು ಹೋದಳು. ನಿಶಾ ಕಾರವಾರದ ಬಸ್ಸು ಹತ್ತಿದಳು.

ಒಬ್ಬಳೇ ಉಳಿದ ಚಂಪಾ ಫೋಲ್ಡರ್ ಮುಚ್ಚಿ ತೆರೆದಳು. ಮತ್ತೆ ಮುಚ್ಚಿ ತೆರೆದಳು. ಯಾರೂ ಯಾರ ಹೆಸರನ್ನೂ ಕೇಳಲಿಲ್ಲ. ಒಳಗೆ ಸದ್ದಿಲ್ಲ. ಭುಜದ ಹತ್ತಿರ ಬಿಟ್ಟ ಜಾಗ ತಣ್ಣಗೆ ಖಾಲಿಯಿತ್ತು. ಅವನು ಹೋದ ಮೇಲೆ ಮೊದಲ ಸಲ ಅವಳು ಒಳಕೋಣೆಯತ್ತ ತಿರುಗಿ ಕೂತಳು.

"ಜಟ್ಟಪ್ಪಾ" ಎಂದು ಕರೆದಳು.

ತನ್ನ ದನಿಯೇ ಬೇರೆ ಯಾರದೋ ಅನಿಸಿತು. ಕುರ್ಚಿ ಕಿರ್ರೆನ್ನಲಿಲ್ಲ. ಇನ್ನೊಮ್ಮೆ ಕರೆದಳು, ನಾಚಿಕೆ ಬಿಟ್ಟು, ಹೆದ್ದಾರಿಯವರೆಗೂ ಕೇಳುವಂತೆ.