ಗೊಂಬೆ ಮಾಡಿದ ವಂದನಾರ್ಪಣೆ

ಇಪ್ಪತ್ತಾರು ವರ್ಷ ನಾನು ನಡೆಸಿಕೊಂಡು ಬಂದಿದ್ದ ವಂದನಾರ್ಪಣೆಯನ್ನು ನಮ್ಮ ಸಂಘದವರು ಕಳೆದ ವರ್ಷ, ನನಗೆ ಒಂದು ಮಾತೂ ತಿಳಿಸದೆ, ಒಂದು ಮರದ ಗೊಂಬೆಗೆ ವಹಿಸಿದರು. ಗೊಂಬೆ ಓದಿದ್ದು ನಾನು ಬರೆದ ಹಾಳೆಯನ್ನು. ಸಭೆ ನಕ್ಕಿತು. ನನಗಾದ ಅನ್ಯಾಯ ಇಷ್ಟೇ.

ಇದನ್ನು ನಾನು ಮರೆತಿದ್ದೆ ಎಂದರೆ ನೀವು ನಂಬುವುದಿಲ್ಲ; ನಂಬಲೂ ಬೇಡಿ. ಆದರೆ ಬರೆಯುವ ಯೋಚನೆ ಇರಲಿಲ್ಲ. ಇಂದು ಬೆಳಿಗ್ಗೆ ಕಾಫಿಯ ಲೋಟ ಇನ್ನೂ ಕೈಯಲ್ಲಿರುವಾಗಲೇ ಸಂಘದ ಕಾರ್ಯದರ್ಶಿ ಪೊನ್ನಪ್ಪ ಫೋನಿಗೆ ಒಂದು ವಿಡಿಯೋ ಕಳಿಸಿದ. ಆ ಗೊಂಬೆಯ ಕಲಾವಿದ ನಮ್ಮ ಊರಿನಲ್ಲಿ ನಡೆಸಿದ ಕಾರ್ಯಕ್ರಮವೇ ಈಗ ‘ಕಾಮಿಡಿ ಸ್ಪೆಷಲ್’ ಎಂಬ ಹೆಸರು ಹೊತ್ತು ಫೋನಿನಿಂದ ಫೋನಿಗೆ ಸಂಚರಿಸುತ್ತಿದೆಯಂತೆ. ಅದರ ಕೆಳಗೆ ಪೊನ್ನಪ್ಪನ ಧ್ವನಿ: “ಸಾರ್, ನಮಸ್ಕಾರ. ವಿಡಿಯೋ ನೋಡಿ ಸಾರ್, ನಮ್ಮ ಊರು ಫೇಮಸ್ ಆಗ್ಹೋಯ್ತು. ಈ ವರ್ಷವೂ ಅವ್ರನ್ನೇ ಕರೆಸ್ತಾ ಇದ್ದೇವೆ. ಜನ ಅದೇ ಐಟಂ ಬೇಕು ಅಂತಾರೆ. ವಂದನಾರ್ಪಣೆ ಹೊಸದಾಗಿ ನೀವೇ ಬರ್ದು ಕೊಡ್ಬೇಕು ಸಾರ್. ನಿಮ್ಮ ಹಾಗೆ ಬರೆಯೋರು ಬೇರೆ ಯಾರಿದ್ದಾರೆ? ಗೊಂಬೆ ಓದುತ್ತೆ.”

ಮರದ ಬಾಯಿಗೆ ಮಾತು ಒದಗಿಸುವ ಹುದ್ದೆಗೆ ನನ್ನನ್ನು ಹೀಗೆ ಗೌರವಪೂರ್ವಕವಾಗಿ ಆಹ್ವಾನಿಸಲಾಗಿದೆ.

ವಂದನಾರ್ಪಣೆ ಎಂದರೇನೆಂದು ನಿಮಗೆ ತಿಳಿದಿರುತ್ತದೆ. ಆದರೆ ನೀವು ಅದನ್ನು ಕೊನೆಯವರೆಗೆ ಕೇಳಿರಲಾರಿರಿ. ನಮ್ಮದು ಸೋಮವಾರಪೇಟೆಯ ಬಸ್ಸು ದಿನಕ್ಕೆ ನಾಲ್ಕು ಸಲ ಬಂದು ತಿರುಗಿ ಹೋಗುವ ಊರು. ಕಾಫಿ ಪಿಕಿಂಗ್ ಮುಗಿದು, ಗಿಡಗಳಲ್ಲಿ ಹೂ ಅರಳಿಸುವ ಹೂಮಳೆಗಾಗಿ ಎಲ್ಲರೂ ಆಕಾಶ ನೋಡುತ್ತಿರುವ ವಾರದಲ್ಲಿ ಬೆಳೆಗಾರರ ಸಂಘದ ವಾರ್ಷಿಕೋತ್ಸವ. ಸ್ವಾಗತ ಭಾಷಣಕ್ಕೆ ಪೈಪೋಟಿ ಇರುತ್ತದೆ, ದೀಪ ಬೆಳಗಿಸಲು ನೂಕುನುಗ್ಗಲೇ ಇರುತ್ತದೆ. ವಂದನಾರ್ಪಣೆಗೆ ಮಾತ್ರ ಯಾರೂ ಒಪ್ಪುವುದಿಲ್ಲ, ಏಕೆಂದರೆ ಅದರ ಬೆನ್ನಿಗೇ ಊಟ. ಶಾಲೆಯ ಮೇಷ್ಟ್ರು ಇಲ್ಲವೆನ್ನಲಾರರು ಎಂಬ ಲೆಕ್ಕಾಚಾರದಲ್ಲಿ ಅದು ನನ್ನ ಪಾಲಿಗೆ ಬಂತು. ನಾನು ಅದನ್ನು ಗಂಭೀರವಾಗಿ ತೆಗೆದುಕೊಂಡೆ. ಎರಡು ಹಾಳೆ ಬರೆಯುತ್ತಿದ್ದೆ. ಮೊದಲನೆಯದರಲ್ಲಿ ಅತಿಥಿಗಳು, ಅಧ್ಯಕ್ಷರು, ದಾನಿಗಳು, ಅವರವರ ಸ್ಥಾನಮಾನದ ಕ್ರಮದಲ್ಲಿ. ಎರಡನೆಯದರಲ್ಲಿ ಅಡುಗೆಯವರು, ಶಾಮಿಯಾನ ಕಟ್ಟಿದವರು, ಕುರ್ಚಿ ಹೊತ್ತವರು, ಮೈಕಿನವರು. ಒಂದು ಹೆಸರನ್ನೂ ನಾನು ಎಂದೂ ಬಿಟ್ಟವನಲ್ಲ.

ಸಭೆ ನನ್ನನ್ನು ಬಿಟ್ಟು ಹೋಗುತ್ತಿತ್ತು, ಆ ಮಾತು ಬೇರೆ. “ಈಗ ವಂದನಾರ್ಪಣೆ” ಎಂದೊಡನೆ ಕಬ್ಬಿಣದ ಕುರ್ಚಿಗಳು ಸಿಮೆಂಟು ನೆಲದ ಮೇಲೆ ಒಟ್ಟಾಗಿ ಕಿರುಗುಟ್ಟುತ್ತಿದ್ದವು. ಒಂದು ವರ್ಷ ಎರಡನೇ ಹಾಳೆ ತಲುಪುವ ಹೊತ್ತಿಗೆ ಎದುರಿಗೆ ಉಳಿದವನು ಮೈಕಿನವನೊಬ್ಬನೇ. ಅವನಿಗೆ ಸಂಘದ ಪರವಾಗಿ ಹೃತ್ಪೂರ್ವಕ ವಂದನೆ ಸಲ್ಲಿಸಿದೆ. “ಮುಗೀತಾ ಸಾರ್?” ಎಂದು ನನ್ನ ಕೈಯಿಂದ ಮೈಕು ತೆಗೆದುಕೊಂಡ.

ಆದರೂ ನನಗೊಬ್ಬಳು ಖಾಯಂ ಶ್ರೋತೃ ಇದ್ದಳು. ಅಡುಗೆಯ ಮೇಲ್ವಿಚಾರಣೆಯ ಜಾನಕಿ. ಉಳಿದ ದಿನಗಳಲ್ಲಿ ಎಸ್ಟೇಟಿನ ಕೆಲಸ, ವಾರ್ಷಿಕೋತ್ಸವದ ದಿನ ನಮ್ಮೆಲ್ಲರ ಹೊಟ್ಟೆಗೆ ಅವಳೇ ಯಜಮಾನಿ. ಅಡುಗೆಯವರು ಒಲೆ ಬಿಟ್ಟು ಸಭೆಗೆ ಬರಲಾಗದು ಎಂದು, ನಾನು ಹಟ ಹಿಡಿದು ಒಂದು ಸೌಂಡ್ ಬಾಕ್ಸನ್ನು ಅಡುಗೆಮನೆಯ ಕಡೆಗೆ ತಿರುಗಿಸಿ ಇರಿಸಿದ್ದೆ. ಊಟದ ಸಾಲಿನಲ್ಲಿ ನನ್ನ ತಟ್ಟೆಗೆ ಅಕ್ಕಿತರಿಯ ಉಂಡೆ, ಕಡಂಬುಟ್ಟು, ಹಾಕುವಾಗ ಅವಳು ಪ್ರತಿವರ್ಷ ಒಂದೇ ಮಾತು ಹೇಳುತ್ತಿದ್ದಳು: “ಬಂತು ಮಾಷ್ಟ್ರೇ, ನನ್ನ ಹೆಸ್ರು.” ಇಪ್ಪತ್ತಾರು ವರ್ಷದಲ್ಲಿ ನನಗೆ ದೊರೆತ ಚಪ್ಪಾಳೆ ಅದೊಂದೇ. ಅದು ಸಾಕಾಗಿತ್ತು.

ಇನ್ನು ಆ ದಿನದ ವಿಷಯ. ಕಲಾವಿದ ಮೈಸೂರಿನ ಕಡೆಯವನು. ಕುರ್ಚಿಯಲ್ಲಿ ಕುಳಿತು, ತೊಡೆಯ ಮೇಲೆ ಗೊಂಬೆ ಕೂರಿಸಿಕೊಂಡು, ತನ್ನ ತುಟಿ ಅಲುಗಿಸದೆ ಅದರಿಂದ ಮಾತನಾಡಿಸುತ್ತಿದ್ದ. ಇಬ್ಬರೂ ಕುಳಿತೇ ಇರುವಾಗ ಇದಕ್ಕೆ ಸ್ಟ್ಯಾಂಡ್-ಅಪ್ ಕಾಮಿಡಿ, ಅಂದರೆ ನಿಂತು ನಗಿಸುವುದು, ಎಂದೇಕೆ ಅನ್ನುತ್ತಾರೆ ಎಂದು ಪಕ್ಕದ ಕುರ್ಚಿಯ ಶೇಷಾದ್ರಿಯವರನ್ನು ಕೇಳಿದೆ. ಅವರು ನಿವೃತ್ತ ಪೋಸ್ಟ್ ಮಾಸ್ಟರು, ನನ್ನ ಹಳೆಯ ಸ್ನೇಹಿತರು. “ಸುಮ್ನೆ ನೋಡಿ ಮಾಷ್ಟ್ರೇ, ನಿಮ್ಗೆ ಎಲ್ಲದಕ್ಕೂ ವಿವರಣೆ ಬೇಕು” ಎಂದರು. ಗೊಂಬೆಗೆ ಕರಿಯ ಕೋಟು, ಮೂಗಿನ ತುದಿಯಲ್ಲಿ ಕನ್ನಡಕ. ನನ್ನ ಕನ್ನಡಕವೂ ಅಲ್ಲೇ ನಿಲ್ಲುತ್ತದೆ. ಅದನ್ನು ಆಕಸ್ಮಿಕವೆಂದೇ ಈಗಲೂ ಭಾವಿಸಿದ್ದೇನೆ.

ಆಟದ ಕೊನೆಗೆ ಗೊಂಬೆ ಗಂಟಲು ಸರಿಪಡಿಸಿಕೊಂಡು, “ಈಗ ವಂದನಾರ್ಪಣೆ” ಎಂದಿತು. ಆ ಶಬ್ದ ಕಿವಿಗೆ ಬಿದ್ದದ್ದೇ ತಡ, ಅರ್ಧ ಸಭೆ ಅಭ್ಯಾಸಬಲದಿಂದ ಎದ್ದು ಬಾಗಿಲಿಗೆ ಮುಖ ಮಾಡಿತು. ಗೊಂಬೆ ಕತ್ತು ಹೊರಳಿಸಿ, “ಓಹೋ, ನನ್ ಮರ್ಯಾದೆಗೆ ಎದ್ರಾ, ಊಟಕ್ಕಾ?” ಎಂದು ಕೇಳಿತು. ಎಲ್ಲರೂ ನಗುತ್ತ ಕುಳಿತರು. ನನ್ನ ವಂದನಾರ್ಪಣೆಗೆ ಈ ಜನ ಕುಳಿತದ್ದನ್ನು ನಾನು ಮೊದಲ ಬಾರಿಗೆ ನೋಡಿದ್ದು ಆಗ.

ಗೊಂಬೆ ಓದಿತು: “ತಮ್ಮ ಅಮೂಲ್ಯ ಸಮಯವನ್ನು ಬಿಡುವು ಮಾಡಿಕೊಂಡು, ರಸ್ತೆಯ ಹೊಂಡಗಳನ್ನು ಲೆಕ್ಕಿಸದೆ, ಕೇವಲ ಒಂದೂಕಾಲು ಗಂಟೆ ತಡವಾಗಿ ಆಗಮಿಸಿ ನಮ್ಮನ್ನು ಧನ್ಯರನ್ನಾಗಿಸಿದ ಮುಖ್ಯ ಅತಿಥಿಗಳಿಗೆ ವಂದನೆಗಳು.” ನಗು. “ಈ ಸಭಾಂಗಣಕ್ಕೆ ಎರಡು ಫ್ಯಾನುಗಳನ್ನು ದಾನವಿತ್ತ, ಅವುಗಳಲ್ಲಿ ಒಂದು ಈಗಲೂ ತಿರುಗುತ್ತಿರುವ, ನಮ್ಮ ಉಪಾಧ್ಯಕ್ಷರಿಗೆ ವಂದನೆಗಳು.” ಇನ್ನೂ ನಗು. ಅದರ ಹಿಂದಿನ ವರ್ಷ ನಾನು ಓದಿ, ಕಡತದಲ್ಲಿಡಲು ಪೊನ್ನಪ್ಪನ ಕೈಗೆ ಒಪ್ಪಿಸಿದ್ದ ಹಾಳೆ ಅದು. ಒಂದಕ್ಷರವನ್ನೂ ಬದಲಾಯಿಸಿರಲಿಲ್ಲ. ನಾನು ವಿನೋದಕ್ಕಾಗಿ ಬರೆದ ಮಾತು ಅದರಲ್ಲಿ ಒಂದೂ ಇಲ್ಲ. ಅತಿಥಿಗಳು ತಡವಾದದ್ದು ನಿಜ. ಒಂದು ಫ್ಯಾನು ನಿಂತದ್ದೂ ನಿಜ. ದಾಖಲೆಯಲ್ಲಿ ಸತ್ಯ ಇರಬೇಕು.

ನಕ್ಕವರನ್ನು ನಾನು ಗಮನಿಸಿದೆ. ತೋಟದ ಮಾಲೀಕರು ಸದ್ದಿಲ್ಲದೆ ಭುಜ ಕುಣಿಸಿ ನಗುತ್ತಾರೆ. ಸದ್ದು ಮಾಡಿದರೆ ಯಾರಾದರೂ ಚಂದಾ ಕೇಳಿಯಾರು ಎಂಬ ಭಯವಿರಬೇಕು. ಕೆಲವರು ಅಧ್ಯಕ್ಷರ ಮುಖ ನೋಡಿ, ಅಲ್ಲಿ ಹಲ್ಲು ಕಂಡ ಮೇಲಷ್ಟೇ ತಮ್ಮದನ್ನು ತೋರಿಸಿದರು. ನನ್ನ ಬಳಿ ಓದು ಕಲಿತ ಒಬ್ಬ ಗೃಹಸ್ಥ ಮೊದಲು ನಕ್ಕು, ಆಮೇಲೆ ತಿರುಗಿ ನನ್ನನ್ನು ನೋಡಿ, ಮುಖ ಸಣ್ಣದು ಮಾಡಿಕೊಂಡು, ಮತ್ತೆ ತಿರುಗಿ ಇನ್ನೂ ಜೋರಾಗಿ ನಕ್ಕ. ಅವನ ಹೆಸರು ನನಗೆ ಗೊತ್ತು.

ಮೊದಲ ಹಾಳೆ ಮುಗಿಯಿತು. ಗೊಂಬೆ ಎರಡನೆಯದನ್ನು ನೋಡಿ, “ಅಯ್ಯೋ, ಇನ್ನೂ ಇದೆ!” ಎಂದು ಚೀರಿ, ಹಾಳೆಯನ್ನು ಗಾಳಿಗೆ ಎಸೆದು ಹಿಂದಕ್ಕೆ ಬಿತ್ತು. ಅಂದಿನ ಅತಿ ದೊಡ್ಡ ನಗು ಅದಕ್ಕೆ.

ನಾನು ಪೊನ್ನಪ್ಪನನ್ನು ತಡೆದು ನಿಲ್ಲಿಸಿದೆ. “ಹಾಳೆ ಅವರ ಕೈಗೆ ಹೇಗೆ ಹೋಯಿತು?”

“ಹೇಗೋ ಹೋಗ್ಬಿಟ್ಟಿದೆ ಸಾರ್. ಊರಿನ ವಿಷಯ ಏನಾದ್ರೂ ಬೇಕು ಅಂತ ಕೇಳಿದ್ರು. ನೀವು ಬೇಜಾರು ಮಾಡ್ಕೊಳ್ಳಲ್ಲ ಅಂತ ಎಲ್ಲರ ಅಭಿಪ್ರಾಯ ಇತ್ತು ಸಾರ್.”

ನನ್ನ ಬೇಜಾರಿನ ವಿಷಯದಲ್ಲಿ ನನ್ನನ್ನು ಬಿಟ್ಟು ಎಲ್ಲರ ಅಭಿಪ್ರಾಯವನ್ನೂ ಸಂಗ್ರಹಿಸಿದ್ದರು.

ಊಟದ ಸಾಲಿನಲ್ಲಿ ಜಾನಕಿ ಎಂದಿನಂತೆ ಕಡಂಬುಟ್ಟು ಹಾಕಿದಳು. “ಈ ಸಲ ಬರ್ಲಿಲ್ಲ, ಅಲ್ವಾ ಮಾಷ್ಟ್ರೇ?”

“ಎರಡನೇ ಹಾಳೆಯಲ್ಲಿತ್ತು, ಜಾನಕಿ.”

“ಹ್ಞೂಂ. ಕೊನೆಗೆ ಎಲ್ರೂ ಜೋರಾಗಿ ನಕ್ಕಿದ್ದು ಕೇಳಿಸ್ತು. ಯಾಕೆ ಅಂತ ನಮ್ಗೆ ಗೊತ್ತಾಗ್ಲಿಲ್ಲ.” ಸೌಟು ಮುಂದಿನವರ ತಟ್ಟೆಗೆ ಹೋಯಿತು.

ಇವತ್ತು ವಿಡಿಯೋವನ್ನು ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡಿದೆ. ಕ್ಯಾಮೆರಾ ಗೊಂಬೆಯನ್ನು ತೋರಿಸುವುದಕ್ಕಿಂತ ಹೆಚ್ಚಾಗಿ ನಗುವವರನ್ನು ತೋರಿಸುತ್ತದೆ. ಹೆಂಗಸರ ಕಡೆ ನನ್ನ ಹೆಂಡತಿ, ಸೆರಗು ಬಾಯಿಗೆ ತುರುಕಿಕೊಂಡು ಅಲುಗುತ್ತಿದ್ದಾಳೆ. ಫೋನು ಹಿಡಿದು ಅಡುಗೆಮನೆಗೆ ಹೋಗಿ ಕೇಳಿದೆ, “ಇದು ನೀನೇ ತಾನೆ?”

“ನಾನೇ. ವರ್ಷಾ ವರ್ಷಾ ವಾರಗಟ್ಟಲೆ ಮನೇಲಿ ಅದರ ರಿಹರ್ಸಲ್ ಕೇಳಿದವಳು ನಾನು. ಒಂದಿನ ನಗೋದಕ್ಕೂ ಬೇಡ್ವಾ?”

ಇಲ್ಲಿಯವರೆಗೆ ನಿಮ್ಮಿಂದ ಒಂದು ಸಂಗತಿಯನ್ನು ಮುಚ್ಚಿಟ್ಟಿದ್ದೆ. ವಿಡಿಯೋ ಊರೂರು ತಿರುಗುತ್ತಿರುವುದರಿಂದ ಇನ್ನು ಮುಚ್ಚಿಟ್ಟು ಫಲವಿಲ್ಲ. ಒಂದೂಕಾಲು ಗಂಟೆಯ ಆ ವಾಕ್ಯ ಮುಗಿದಾಗ ಮೊದಲು ನಕ್ಕವನು ನಾನು. ಮೂರನೇ ಸಾಲು, ಕಂಬದ ಪಕ್ಕ, ಬಾಯಿ ತೆರೆದು, ಕನ್ನಡಕ ಜಾರಿ. “ಪರವಾಗಿಲ್ಲ, ಚೆನ್ನಾಗಿ ಬರೆದಿದ್ದಾನೆ” ಎಂದು ಶೇಷಾದ್ರಿಯವರಿಗೆ ಹೇಳಿದ್ದೂ ನೆನಪಿದೆ. “ಮಾಷ್ಟ್ರೇ, ಅದು ನಿಮ್ದೇ” ಎಂದರು ಅವರು. ತೆರೆದ ನನ್ನ ಬಾಯಿ ತಟ್ಟನೆ ಮುಚ್ಚಿಕೊಂಡದ್ದನ್ನೂ ಕ್ಯಾಮೆರಾ ಹಿಡಿದಿದೆ. ಪೆಟ್ಟಿಗೆಯ ಮುಚ್ಚಳ ಬಿದ್ದ ಹಾಗೆ.

ಇದನ್ನೆಲ್ಲ ಹೆಂಡತಿಗೆ ವಿವರಿಸಿ, ನನ್ನ ಮಾತು ಹಾಗಿರಲಿ, ಜಾನಕಿಯಂಥವಳ ಹೆಸರನ್ನು ಎಸೆದರಲ್ಲ, ಅದು ಅಕ್ಷಮ್ಯ ಎಂದೆ. ಅವಳು ಒಲೆಯಿಂದ ಕಣ್ಣೆತ್ತದೆ ಕೇಳಿದಳು: “ಅವಳ ಹೆಸರನ್ನ ಎರಡನೇ ಹಾಳೆಗೆ ಹಾಕಿದ್ದು ಗೊಂಬೇನಾ?”

ಇಡೀ ಬೆಳಗು ಯೋಚಿಸಿದೆ. ಸ್ಥಾನಮಾನದ ಕ್ರಮ ಎಂಬುದು ನಾನೇ ಮಾಡಿದ ಕ್ರಮ. ಸಭೆ ಎದ್ದು ಹೋಗುವುದು ಎಷ್ಟನೇ ಸಾಲಿಗೆ ಎಂದು ನನಗೆ ಖಚಿತವಾಗಿ ಗೊತ್ತಿತ್ತು. ಅದರ ಆಚೆಗೆ ಯಾರನ್ನು ಇಡುತ್ತಿದ್ದೇನೆ ಎಂಬುದೂ ಗೊತ್ತಿತ್ತು. ಖಾಲಿ ಕುರ್ಚಿಗಳಿಗೆ ಅವಳ ಹೆಸರು ಓದಿ, ಅವಳಿಂದ ಕೃತಜ್ಞತೆಯನ್ನು ಪ್ರತಿವರ್ಷ ತಟ್ಟೆಯಲ್ಲಿ ಹಾಕಿಸಿಕೊಂಡೆ. ದಾಖಲೆಯಲ್ಲಿ ಇದೂ ಇರಲಿ.

ಪೊನ್ನಪ್ಪನಿಗೆ ಒಪ್ಪಿಗೆ ತಿಳಿಸಿದ್ದೇನೆ. “ಥ್ಯಾಂಕ್ಸ್ ಸಾರ್, ನೀವು ದೊಡ್ಡವರು” ಎಂದ. ಹೊಸ ವಂದನಾರ್ಪಣೆ ಈಗ ಮೇಜಿನ ಮೇಲಿದೆ, ಈ ಸಲವೂ ಎರಡು ಹಾಳೆ. ಮೊದಲ ಸಾಲಿನ ಮೊದಲ ಹೆಸರು ಜಾನಕಿಯದು. ಅವಳ ಹಿಂದೆ ಕುರ್ಚಿ ಹೊತ್ತವರು, ಶಾಮಿಯಾನದವರು, ಮೈಕಿನವನು. ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿ ಪೊನ್ನಪ್ಪ, ಎಲ್ಲರೂ ಬಿರುದುಬಾವಲಿಗಳ ಸಮೇತ ಎರಡನೆಯದರಲ್ಲಿದ್ದಾರೆ. ಒಂದು ಹೆಸರೂ ಬಿಟ್ಟುಹೋಗಿಲ್ಲ.

ಸಂಘದ ಪದಾಧಿಕಾರಿಗಳೇ, ಗೊಂಬೆ “ಅಯ್ಯೋ, ಇನ್ನೂ ಇದೆ!” ಎಂದು ನಿಮ್ಮ ಹಾಳೆಯನ್ನು ಗಾಳಿಗೆ ಎಸೆದಾಗ, ನೀವು ಅಷ್ಟೇ ಜೋರಾಗಿ ನಗುತ್ತೀರಾ?